ಕಾಣದ ಮರಕ್ಕೆ ಹೆಬ್ಬೆಟ್ಟು

ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿದ್ದ ಮರವನ್ನು ದಂಡೆಗೆ ಎಳೆದಾಗ ಒಂದು ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯದ್ದು ಅನ್ನಿ, ಕೆಸರಿನದ್ದು ಅನ್ನಿ, ಹೆಚ್ಚಿನವರು ಮೂಗು ಮುಚ್ಚಿ ದಾಟಿಹೋಗುತ್ತಾರೆ. ಮೊನ್ನೆ ಮೊಮ್ಮಗಳ ಜೊತೆ ಬೋಳಾರದ ಹೊಳೆಬದಿಗೆ ಹೋಗಿದ್ದೆ. ದೋಣಿ ಕಟ್ಟುವವರು ಯಾರೋ ನಾಲ್ಕು ದಿಮ್ಮಿ ಎಳೆದು ಹಾಕಿದ್ದರು. ಅವಳು ಸೆರಗಿನಿಂದ ಮೂಗು ಮುಚ್ಚಿ, "ಎಂತ ನಾತ ಅಜ್ಜ ಇದು! ಬನ್ನಿ ಒಮ್ಮೆ, ಇಲ್ಲಿ ನಿಲ್ಲುವುದಾ?" ಎಂದಳು. ನಾನು ನಿಂತೆ. ಆ ನಾತ ನನಗೆ ಒಂದು ಮಳೆಗಾಲ. ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳದ ಮಳೆಗಾಲ.

ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ನಾಲ್ಕೈದು ವರ್ಷ ಇತ್ತು. ನನಗೆ ಆಗ ಇಪ್ಪತ್ತಮೂರು. ಬಂದರಿನಲ್ಲಿ ಹಸನಬ್ಬ ಸಾಹುಕಾರರ ಮರದಂಗಡಿಯಲ್ಲಿ ಗುಮಾಸ್ತ. ನನಗೆ ಅವರು ಸಾಹುಕಾರರು, ಊರವರ ಬಾಯಲ್ಲಿ ಬ್ಯಾರಿಗಳು. ಸಾಹುಕಾರರು ದಿಮ್ಮಿಗೆ ಬೆರಳಗಂಟಿನಿಂದ ಎರಡು ಸಲ ಕುಟ್ಟಿ, ಕಿವಿ ಇಟ್ಟು, ಒಳಗೆ ಟೊಳ್ಳು ಉಂಟೋ ಇಲ್ಲವೋ ಹೇಳಿಬಿಡುತ್ತಿದ್ದರು. ಓದು ಬರಹ ಅವರಿಗೆ ಅಷ್ಟಕ್ಕಷ್ಟೆ. "ಮರ ನನಗೆ, ಕಾಗದ ನಿನಗೆ, ಸಂಜೀವ. ನನ್ನದು ತಪ್ಪಿದರೆ ನೀನು ಹೇಳು, ನಿನ್ನದು ತಪ್ಪಿದರೆ ನನಗೆ ಹೇಗೂ ಗೊತ್ತಾಗುದಿಲ್ಲ" ಎಂದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ಆ ವರ್ಷ ಫಳ್ನೀರಿನ ಗುಡ್ಡೆಯ ಮೇಲೆ ಒಂದು ಹೆರಿಗೆ ಆಸ್ಪತ್ರೆ ಏಳುತ್ತಿತ್ತು. ಊರಿನ ನಾಲ್ಕು ದೊಡ್ಡ ಜನ ಕಮಿಟಿ ಮಾಡಿ, ದೇಣಿಗೆ ಎತ್ತಿ ಕಟ್ಟಿಸುತ್ತಿದ್ದದ್ದು. ಕಂತ್ರಾಟು ಹಿಡಿದವರು ಮೋನಪ್ಪ ಎಂಬವರು. ಕೆಲಸ ನಡುವಿನಲ್ಲಿ ಬಿಟ್ಟುಹೋದರೆ ಮುಗಿಸಿಕೊಡುತ್ತೇನೆ ಎಂದು ಅವರ ಪರವಾಗಿ ಜಾಮೀನು ಪತ್ರಕ್ಕೆ ಸಹಿ ಹಾಕಿದವರು ನಮ್ಮ ಸಾಹುಕಾರರು. ಮೋನಪ್ಪನವರು ಕೆಟ್ಟವರಲ್ಲ. ಒಂದು ಕೈಯಲ್ಲಿ ಮೂರು ಕೆಲಸ ಹಿಡಿದರು, ಮೂರೂ ಜಾರಿತು, ಅಷ್ಟೆ. ಮಳೆಗಾಲಕ್ಕೆ ಸ್ಟೀಮರು ನಿಲ್ಲುತ್ತದಲ್ಲ, ಅದಕ್ಕೆ ಮೊದಲಿನ ಕೊನೆಯ ಸ್ಟೀಮರಿನಲ್ಲಿ ಅವರು ಬೊಂಬಾಯಿಗೆ ಹೋದರು. ಮಗಳಿಗೆ ಸೀರೆ ತರಲು ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ.

ಕಟ್ಟಡದ ಗೋಡೆ ಆಗಲೇ ಮಾಡಿನ ಎತ್ತರಕ್ಕೆ ಬಂದಿತ್ತು. ಮೇಲೆ ಛಾವಣಿಯ ಮಾಡು ಮಾತ್ರ ಇರಲಿಲ್ಲ. ಮೊದಲ ಮಳೆ ಬಿದ್ದ ದಿನ ನಾನೂ ಅಲ್ಲಿನ ಕಾವಲುಗಾರ ತನಿಯಪ್ಪಣ್ಣನೂ ಸೇರಿ ಕೆಂಪುಕಲ್ಲಿನ ಗೋಡೆಗಳ ತಲೆಗೆ ತೆಂಗಿನ ಗರಿಯ ಮಡಲು ಹೊದಿಸಿದೆವು. ತನಿಯಪ್ಪಣ್ಣ ಕುಲಶೇಖರದವನು, ಐವತ್ತು ದಾಟಿದವನು. ಮಡಲು ಕಟ್ಟುತ್ತಾ, "ಗೋಡೆಗೆ ಕೊರಂಬು ಹಾಕಿಸಿದ ಹಾಗೆ ಆಯ್ತು ಗುಮಾಸ್ತರೇ. ಇನ್ನು ನೇಜಿ ನೆಡಲಿಕ್ಕೆ ಕಳಿಸುದೊಂದು ಬಾಕಿ" ಎಂದ. ಮಳೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಬೆನ್ನಿಗೆ ಕವುಚಿಕೊಳ್ಳುವ ಗೊರಬೆಗೆ ನಮ್ಮಲ್ಲಿ ಕೊರಂಬು ಅನ್ನುವುದು. ಅವತ್ತು ಇಬ್ಬರೂ ನಕ್ಕೆವು. ಅವನು ನಕ್ಕದ್ದು ನಾನು ಕಂಡದ್ದು ಅದೇ ಕೊನೆ.

ಸಾಹುಕಾರರು ಕೆಲಸ ವಹಿಸಿಕೊಳ್ಳುವ ಮೊದಲು ಸ್ಥಳದಲ್ಲಿ ಎಂತೆಂತ ಸಾಮಾನು ಉಂಟು, ಎಂತ ಇಲ್ಲ ಎಂದು ಪಟ್ಟಿ ಆಗಬೇಕೆಂದು ಕಮಿಟಿಯವರು ಹೇಳಿದರು. ಪಟ್ಟಿ ಮಾಡಲು ಹೋದವನು ನಾನು. ಇರಬೇಕಾದದ್ದರ ಕಾಗದ ಒಂದು ಕೈಯಲ್ಲಿ, ಇರುವುದರ ಕಾಗದ ಇನ್ನೊಂದು ಕೈಯಲ್ಲಿ, ಕೊಡೆ ಕಂಕುಳಲ್ಲಿ. ಹಂಚು ಕಡಿಮೆ ಇತ್ತು. ಸಿಮೆಂಟು ಪೀಪಾಯಿ ಕಡಿಮೆ ಇತ್ತು. ಮತ್ತೆ, ಮಾಡಿನ ತೊಲೆಗೆಂದು ನಮ್ಮದೇ ಅಂಗಡಿಯಿಂದ ಹೋದ ಇಪ್ಪತ್ತೆರಡು ಹೆಬ್ಬಲಸಿನ ದಿಮ್ಮಿ. ಅದರಲ್ಲಿ ಒಂದೂ ಇರಲಿಲ್ಲ.

ಆ ಇಪ್ಪತ್ತೆರಡರ ವಿಷಯ ಈಗಲೇ ಹೇಳಿಬಿಡುತ್ತೇನೆ. ಮರ ಸ್ಥಳಕ್ಕೆ ಬಂದು ಮುಟ್ಟಿದೆ ಎಂದು ಕಾವಲುಗಾರನ ಹೆಬ್ಬೆಟ್ಟು ಬಿದ್ದ ಚೀಟಿ ತೋರಿಸಿದರೆ ಕಮಿಟಿಯವರು ಕಂತ್ರಾಟುದಾರರಿಗೆ ಹಣ ಕೊಡುವುದು, ಹೀಗೆ ಕ್ರಮ. ಆ ಚೀಟಿ ತೆಗೆದುಕೊಂಡು ಗುಡ್ಡೆ ಹತ್ತುವ ಕೆಲಸ ನನ್ನದು. ಬೇಸಗೆಯಲ್ಲಿ ಫಳ್ನೀರಿನ ಗುಡ್ಡೆ ಎರಡು ಸಲ ಹತ್ತುವುದೆಂದರೆ ಯಾರಿಗೆ ಬೇಕು? ಹಾಗಾಗಿ ಇನ್ನೊಂದು ಕೆಲಸಕ್ಕೆ ಆ ಕಡೆ ಹೋದಾಗಲೇ ಮುಂದೆ ಬರುವ ಸಾಮಾನಿಗೂ ಹೆಬ್ಬೆಟ್ಟು ಹಾಕಿಸಿ ಬರುವುದು ನನ್ನ ರೂಢಿ. ನನ್ನದೊಬ್ಬನದ್ದಲ್ಲ, ಬಂದರಿನ ಎಲ್ಲ ಗುಮಾಸ್ತರದ್ದೂ. ನಾನು ಚೀಟಿ ಹಿಡಿದು ಹೋದ ದಿನ ಮರದ ತೆಪ್ಪ ಇನ್ನೂ ಪಾಣೆಮಂಗಳೂರಿನ ಹತ್ತಿರ ನೇತ್ರಾವತಿಯಲ್ಲಿ ತೇಲುತ್ತಾ ಇತ್ತು.

ತನಿಯಪ್ಪಣ್ಣ ಚೀಟಿ ನೋಡಿ, "ಇದು ಎಂತದ್ದಕ್ಕೆ?" ಎಂದು ಕೇಳಿದ್ದ.

"ಹೆಬ್ಬಲಸು. ಇಪ್ಪತ್ತೆರಡು."

"ಮರ ಎಲ್ಲುಂಟು?"

"ಬರ್ತದೆ ಮಾರಾಯ. ತೆಪ್ಪದಲ್ಲಿ ಉಂಟು. ನಾಳೆ ನಾಡಿದ್ದು ಬಂದು ಮುಟ್ಟುತ್ತದೆ. ಈ ಬಿಸಿಲಿಗೆ ನನ್ನನ್ನು ಇನ್ನೊಮ್ಮೆ ಹತ್ತಿಸ್ತೀಯಾ?"

"ಕಾಣದ ಮರಕ್ಕೆ ಹೆಬ್ಬೆಟ್ಟು ಹಾಕುದಾ?"

"ನನ್ನ ಮುಖ ಕಾಣ್ತದಲ್ಲ, ಸಾಕಲ್ವಾ?"

ಅವನು ಹಾಕಿದ. ನನಗೆ ಕುಡಿಯಲು ಬೆಲ್ಲ ನೀರು ಕೊಟ್ಟ.

ಪಟ್ಟಿ ಕಮಿಟಿಗೆ ಹೋಯಿತು. ಕಮಿಟಿಯವರು ಪೊಲೀಸರಿಗೆ ಕೊಟ್ಟರು. ಇನ್ಸ್ಪೆಕ್ಟರು ಒಂದು ಬೆಳಿಗ್ಗೆ ಸ್ಥಳಕ್ಕೆ ಬಂದರು. ಸಾಹುಕಾರರೂ ಇದ್ದರು, ನಾನೂ ಇದ್ದೆ. ಮಡಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇನ್ಸ್ಪೆಕ್ಟರು ಚೀಟಿಯನ್ನು ಒದ್ದೆಯಾಗದ ಹಾಗೆ ಟೋಪಿಯ ಅಡಿಯಲ್ಲಿ ಹಿಡಿದು ಕೇಳಿದರು.

"ಇದು ನಿನ್ನ ಹೆಬ್ಬೆಟ್ಟಾ?"

"ಹೌದು."

"ಮರ ಎಲ್ಲಿ?"

"ಮರ ನಾನು ಕಂಡಿಲ್ಲ ದಣಿ. ಬರ್ತದೆ ಅಂತ ಗುಮಾಸ್ತರು ಹೇಳಿದ್ರು. ಹಾಕಿದೆ."

ಇನ್ಸ್ಪೆಕ್ಟರು ನನ್ನ ಕಡೆ ತಿರುಗಿದರು. "ಹೌದಾ?"

ತನಿಯಪ್ಪಣ್ಣ ನನ್ನನ್ನು ನೋಡುತ್ತಿದ್ದ. ಗಾಬರಿಯಿಂದಲ್ಲ. ಕಡವಿನಲ್ಲಿ ದೋಣಿ ಈಗ ಬರುತ್ತದೆ ಎಂದು ಗೊತ್ತಿದ್ದವರು ಕಾಯುತ್ತಾರಲ್ಲ, ಹಾಗೆ. ನಾನು ಹೇಳಿದ ಮಾತು ಇಷ್ಟೆ: "ಚೀಟಿಯಲ್ಲಿ ತಾರೀಕು ಉಂಟು ಸಾರ್."

ಸುಳ್ಳಲ್ಲ. ತಾರೀಕು ಇತ್ತು. ನನ್ನದೇ ಅಕ್ಷರದಲ್ಲಿ, ಮರ ಬಂದು ಮುಟ್ಟಬೇಕಾಗಿದ್ದ ದಿನದ ತಾರೀಕು. ಇನ್ಸ್ಪೆಕ್ಟರು ತಲೆಯಾಡಿಸಿದರು. ತನಿಯಪ್ಪಣ್ಣ ತಲೆಗೆ ಕಟ್ಟಿದ್ದ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆದ. ಹೋಗುವ ಮೊದಲು, ಜಾರಿದ್ದ ಒಂದು ಮಡಲನ್ನು ಸರಿಮಾಡಿ ಹೋದ.

ನನಗೆ ಆಗ ಎಂತ ಅನಿಸಿತು ಎಂದು ಕೇಳಿದರೆ ನೆನಪಿಲ್ಲ. ಆ ದಿನ ಮಧ್ಯಾಹ್ನ ಗಂಜಿಗೆ ಮಾವಿನ ಉಪ್ಪಿನಕಾಯಿ ಇತ್ತು, ಅದು ನೆನಪುಂಟು. ಎರಡು ಸಲ ಬಡಿಸಿಕೊಂಡೆ.

ಅಲ್ಲಿಂದ ಮುಂದೆ ನಾನು ಕಾಣೆಯಾದ ಸಾಮಾನು ಹುಡುಕಿದ್ದನ್ನು ನೋಡಿದ್ದರೆ ಯಾರಾದರೂ ಮೆಚ್ಚಬೇಕು. ಹಂಚಿನ ಸುದ್ದಿ ಸಿಕ್ಕಿತು: ಮೋನಪ್ಪನವರ ಭಾವನ ಮನೆ ತೊಕ್ಕೊಟ್ಟಿನಲ್ಲಿ, ಅಲ್ಲಿ ಕೋಳಿಗೂಡಿಗೆ ಹೊಸ ಹಂಚು ಬಿದ್ದಿದೆ ಎಂದು. ಜೋರು ಮಳೆಯಲ್ಲಿ ಉಳ್ಳಾಲದ ಕಡವು ದಾಟಿ ಹೋದೆ. ಕೋಳಿಗೂಡು ನಮ್ಮ ಮನೆಗಿಂತ ಚಂದ ಇತ್ತು. ಭಾವನ ತಾಯಿ, ಎಂಬತ್ತರ ಮುದುಕಿ, ಬಾಗಿಲಲ್ಲೇ ಕುಳಿತಿದ್ದರು.

"ಇದು ಆಸ್ಪತ್ರೆಯ ಹಂಚು ಅಮ್ಮ" ಎಂದೆ.

"ಹಂಚಿಗೆ ಹುಷಾರಿಲ್ಲವಾ?"

"ಅಲ್ಲ ಅಮ್ಮ, ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಉಂಟು. ನಕ್ಷತ್ರ. ನಮ್ಮ ಪಟ್ಟಿಯಲ್ಲಿಯೂ ನಕ್ಷತ್ರ."

"ನಕ್ಷತ್ರ ಆಕಾಶದಲ್ಲೂ ಉಂಟು. ಅದೆಲ್ಲ ನಿಮ್ಮ ಸಾಹುಕಾರ್ರದ್ದೇಯಾ? ಇಳಿಸಿಕೊಂಡು ಹೋಗು."

ಇಳಿಸಿಕೊಂಡೇ ಬಂದೆ. ದೋಣಿಯವನ ಬೈಗುಳ ತಿಂದು ಎರಡು ಖೇಪಿನಲ್ಲಿ ಹೊಳೆ ದಾಟಿಸಿದೆ. ಸಿಮೆಂಟು ಕಂಕನಾಡಿಯ ಒಂದು ಹಿತ್ತಿಲಲ್ಲಿ ಸಿಕ್ಕಿತು. ಮುಚ್ಚಳ ತೆಗೆದದ್ದರಿಂದ ಮಳೆನೀರು ಕುಡಿದು ಪೀಪಾಯಿಯ ಆಕಾರದ ಕಲ್ಲಾಗಿತ್ತು. ಅದನ್ನೂ ಉರುಳಿಸಿಕೊಂಡು ತಂದು ಪಟ್ಟಿಯಲ್ಲಿ ಗೀಟು ಹಾಕಿದೆ. ಒಂದು ಮಾತು ಹೇಳದೆ ಇರುವುದಕ್ಕಾಗಿ ಮನುಷ್ಯ ಎಷ್ಟು ದೂರ ನಡೆಯಬಲ್ಲ ಎಂದು ಆ ಮಳೆಗಾಲ ನನಗೆ ತೋರಿಸಿತು.

ಮರ ಮಾತ್ರ ಸಿಕ್ಕಲಿಲ್ಲ. ತೆಪ್ಪದವರನ್ನು ಕೇಳಿದೆವು. "ಬೋಳಾರದ ದಂಡೆಗೆ ಮುಟ್ಟಿಸಿದ್ದೇವೆ, ಯಾವಾಗಿನ ಹಾಗೆ" ಎಂದರು. ಅಲ್ಲಿಂದ ಗಾಡಿಯಲ್ಲಿ ಫಳ್ನೀರಿಗೆ ಹೋಗಿದೆ, ಚೀಟಿಯೇ ಉಂಟಲ್ಲ ಎಂದು ಪೊಲೀಸರು ಫಳ್ನೀರಿನಿಂದ ಮುಂದೆ ಹುಡುಕಿದರು. ಕುಲಶೇಖರದಲ್ಲಿ ತನಿಯಪ್ಪಣ್ಣನ ಹಟ್ಟಿಯ ನೆಲವನ್ನು ಅಗೆದರಂತೆ. ಇಪ್ಪತ್ತೆರಡು ದಿಮ್ಮಿ ಹಟ್ಟಿಯೊಳಗೆ ಹುಗಿಯಬಹುದೆಂದು ಅವರಿಗೆ ಹೇಗೆ ತೋಚಿತೋ.

ಒಂದು ಸಂಜೆ ಸಾಹುಕಾರರು ಅಂಗಡಿಯ ಜಗಲಿಯಲ್ಲಿ ಕುಳಿತು ಮಳೆ ನೋಡುತ್ತಾ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಅದು ಹಸಿ ಮರ ಅಲ್ವಾ. ಹೊಳೆಬದಿಯಲ್ಲೇ ನಿಂತಿದ್ರೆ ನೀರೊಳಗೆ ನೋಡಿಯಾದ್ರೂ ನೋಡಬಹುದಿತ್ತು. ಆದ್ರೆ ಗುಡ್ಡೆಗೆ ಏರಿಸಿದ ಮರವನ್ನು ಮತ್ತೆ ನೀರಿಗೆ ಇಳಿಸುವ ಮರ್ಲ ಯಾರಿದ್ದಾನೆ?" ಹಸಿ ದಿಮ್ಮಿಗೆ ಹುಳು ಹಿಡಿಯಬಾರದೆಂದು ಉಪ್ಪುನೀರಿನಲ್ಲಿ ಮುಳುಗಿಸಿಡುವುದು ನಮ್ಮ ಕಡೆ ಹಿಂದಿನಿಂದ ಇದ್ದದ್ದು. ಬೋಳಾರದ ಕೆಸರಿನಲ್ಲಿ ಯಾವಾಗಲೂ ಹತ್ತು ಜನರ ಮರ ಮಲಗಿರುತ್ತಿತ್ತು. ನಾನು ಲೇಖನಿಯ ಮೊನೆ ಒರೆಸಿದೆ. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಒರೆಸಿ, ದೌತಿಯ ಮುಚ್ಚಳ ಹಾಕಿದೆ.

"ಬಡಗಿ ಆಚಾರ್ರನ್ನು ಕೇಳಿದರೆ?" ಎಂದೆ. ಅಷ್ಟು ಹೇಳಲಿಕ್ಕೆ ಧೈರ್ಯ ಸಾಕಾಗಿತ್ತು.

ಆ ಕಟ್ಟಡದ ಬಡಗಿ ಸೀತಾರಾಮ ಆಚಾರ್ರು ಮೂಡುಬಿದ್ರೆಯ ಆಚೆಯವರು. ಕಂತ್ರಾಟುದಾರ ಓಡಿಹೋದ ಮೇಲೆ ಉಳಿ, ಬಾಚಿ ಕಟ್ಟಿಕೊಂಡು ಊರಿಗೆ ಹೋಗಿದ್ದರು. ಸಾಹುಕಾರರು ಕಿವಿಗೆ ಕೈ ಇಟ್ಟುಕೊಂಡರು. "ತೋಬಾ! ಎರಡು ತಿಂಗಳ ಕೂಲಿ ಸಿಕ್ಕದೆ ಹೋದ ಮುದುಕ. ಅವರ ಬಾಗಿಲಿಗೆ ಬರಿಗೈಯಲ್ಲಿ ಹೋಗಿ, ಆಚಾರ್ರೇ ಮರ ಎಲ್ಲಿ ಅಂತ ಕೇಳುದಾ? ಕೂಲಿ ಕೊಡುವಷ್ಟು ಆಗಲಿ, ಹಿಡಿದುಕೊಂಡು ನಾನೇ ಹೋಗ್ತೇನೆ."

ಅವರ ಮರ್ಯಾದೆ ಹಾಗೆ ಅವರನ್ನು ತಡೆಯಿತು. ನನ್ನನ್ನು ತಡೆದದ್ದು ಎಂತದ್ದೆಂದು ಆಗ ಕೇಳಿದ್ದರೆ ಹೆದರಿಕೆ ಎನ್ನುತ್ತಿದ್ದೆ: ಕೆಲಸ ಹೋಗುತ್ತದೆ, ಬಂದರಿನಲ್ಲಿ ಇನ್ನು ಯಾರೂ ಲೇಖನಿ ಕೊಡುವುದಿಲ್ಲ. ನಡು ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ಹೆದರಿಕೆಯೂ ಇರಲಿಲ್ಲ. ಹೇಳದೆ ಇರುವುದು ಅಭ್ಯಾಸವಾಗಿತ್ತು, ಒದ್ದೆ ಬಟ್ಟೆ ಮೈಗೆ ಅಭ್ಯಾಸವಾಗುತ್ತದಲ್ಲ, ಹಾಗೆ.

ತನಿಯಪ್ಪಣ್ಣ ಕೊಡಿಯಾಲಬೈಲಿನ ಜೈಲಿನಲ್ಲಿ ಒಂದು ತಿಂಗಳ ಹತ್ತಿರ ಇದ್ದ. ಬಿಡಿಸಿದವರು ಸಾಹುಕಾರರು. ಅವನಿಗೂ ಅವರೇ ಜಾಮೀನು ನಿಂತರು. ಕೋರ್ಟಿನ ಮೆಟ್ಟಿಲಲ್ಲಿ ಯಾರೋ, "ಒಂದು ಜಾಮೀನು ಮುಳುಗಿಸಿದ್ದು ಸಾಲದಾ ಬ್ಯಾರಿಗಳೇ?" ಎಂದರೆ, "ಮುಳುಗಿದವನಿಗೆ ಮಳೆ ಎಂತದು?" ಎಂದು ಕೊಡೆ ಬಿಡಿಸಿದರು. ಕೇಸು ಮಾತ್ರ ಹಾಗೇ ಇತ್ತು. ಕಳ್ಳ ಎಂದು ಹೆಸರು ಬಿದ್ದವನನ್ನು ಕಾವಲಿಗೆ ಯಾರು ಇಟ್ಟುಕೊಳ್ಳುತ್ತಾರೆ? ದೈವಗಳಿಗೆ ನೇಮ ನಡೆಯುವ ಕಾಲವಾದರೂ ಆಗಿದ್ದರೆ ದೈವದ ಮುಂದೆ ನಿಂತು ಪ್ರಮಾಣ ಮಾಡಿ ಹೆಸರು ತೊಳೆದುಕೊಳ್ಳುತ್ತಿದ್ದನೋ ಏನೋ. ಮಳೆ ಹಿಡಿಯುವ ಮೊದಲಿನ ಪತ್ತನಾಜೆಗೇ ದೈವಗಳ ಕಾಲ ಮುಗಿದಾಗಿತ್ತು. "ದೀಪಾವಳಿ ಕಳೆಯಲಿ, ನೋಡುವ" ಎಂದು ದೈವದ ಕೆಲಸ ನಡೆಸುವ ಗುತ್ತಿನ ಮನೆಯವರು ಅವನನ್ನು ಕಳಿಸಿದ್ದರಂತೆ.

ಆಟಿ ಕಳೆದು ಸೋಣ ತಿಂಗಳ ಒಂದು ದಿನ, ಬೈಹುಲ್ಲಿನಲ್ಲಿ ಕಟ್ಟಿದ ಅರ್ಧ ಮುಡಿ ಅಕ್ಕಿ ಆಳಿನ ತಲೆಯಲ್ಲಿ ಹೊರಿಸಿಕೊಂಡು ಕುಲಶೇಖರಕ್ಕೆ ಹೋದೆ. ಸಾಹುಕಾರರು ಕಳಿಸಿದ್ದು. ತನಿಯಪ್ಪಣ್ಣನ ಹೆಂಡತಿ ದೇಯಿಯಕ್ಕ ಅಂಗಳದಲ್ಲಿದ್ದಳು.

"ಅಲ್ಲಿ ಇಡಿ" ಎಂದಳು. "ಬ್ಯಾರಿಗಳದ್ದಾದರೆ ಇಡಿ. ನಿಮ್ಮದಾದರೆ ವಾಪಸು ತಕೊಂಡು ಹೋಗಿ."

"ತನಿಯಪ್ಪಣ್ಣ ಇಲ್ವಾ?"

"ಗದ್ದೆಯಲ್ಲಿ ಕಳೆ ಕೀಳ್ತಾರೆ, ಹೆಂಗಸರ ಸಾಲಲ್ಲಿ. ಗಂಡಸರ ಕೆಲಸಕ್ಕೆ ಅವರನ್ನು ಕರೆಯುವವರಿಲ್ಲ." ಆಳು ಮುಡಿ ಇಳಿಸುವುದನ್ನು ನೋಡುತ್ತಾ, "ನಿಮ್ಮ ಹೆಸರು ಅವರು ಒಂದು ಸಲವೂ ಎತ್ತಲಿಲ್ಲ. ನಾನು ಎತ್ತಿದ್ರೆ ಎದ್ದು ಹೋಗ್ತಾರೆ" ಎಂದಳು.

ಅಕ್ಕಿ ಇಟ್ಟು ಬಂದೆ. ಗದ್ದೆಯ ಬದುವಿನ ಮೇಲೆಯೇ ದಾರಿ. ಬಗ್ಗಿದ ಬೆನ್ನುಗಳ ಸಾಲಿನಲ್ಲಿ ಅವನದ್ದು ಯಾವುದೆಂದು ಗೊತ್ತಾಯಿತು. ನಾನು ಕರೆಯಲಿಲ್ಲ.

ಮಳೆ ಹಿಂದೆ ಸರಿದು ಹೊಳೆಯ ಕೆಂಪು ತಿಳಿಯಾಗುತ್ತಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಸೀತಾರಾಮ ಆಚಾರ್ರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಹೆಗಲಲ್ಲಿ ಉಳಿ ಬಾಚಿಯ ಚೀಲ, ಕೈಯಲ್ಲಿ ಬಾಳೆಲೆ ಕಟ್ಟಿದ ಅವಲಕ್ಕಿ. ಸಾಹುಕಾರರು ಗಡಬಡಿಸಿ ಎದ್ದರು. "ಆಚಾರ್ರೇ, ನಾನೇ ಬರಬೇಕಿತ್ತು, ಕೂಲಿ..."

"ಕೂಲಿ ಇರಲಿ ಬ್ಯಾರಿಗಳೇ, ಎಲ್ಲಿ ಹೋಗ್ತದೆ" ಎಂದರು ಆಚಾರ್ರು. "ನಾಲ್ಕು ತಿಂಗಳು ಆಯ್ತಲ್ಲ. ಮರ ಎತ್ತುದಿಲ್ವಾ? ಹೆಚ್ಚು ದಿನ ಇಟ್ಟರೆ ಕಪ್ಪಾಗ್ತದೆ. ಅದಕ್ಕೆ ಬಂದೆ."

"ಯಾವ ಮರ?"

"ಎಂತ ಯಾವ ಮರ! ಆಸ್ಪತ್ರೆಯದ್ದು. ಹೆಬ್ಬಲಸು. ತೆಪ್ಪ ಬಂದ ದಿನ ನೋಡಿದೆ, ಹಸಿ ಹಸಿ, ಹಾಲು ಸೋರ್ತದೆ. ಇದನ್ನು ಬಾಣಂತಿಯರ ತಲೆ ಮೇಲೆ ಇಡ್ಲಿಕ್ಕೆ ನನ್ನ ಕೈ ಬರುದಿಲ್ಲ ಅಂದೆ ಮೋನಪ್ಪನಿಗೆ. ಏನು ಬೇಕಾದ್ರೂ ಮಾಡಿ ಅಂತ ಹೇಳಿ ಹೋದ. ಅಲ್ಲೇ ಬೋಳಾರದಲ್ಲಿ ಗೂಟ ಹೊಡೆದು, ಕಲ್ಲು ಹೇರಿ ಮುಳುಗಿಸಿದ್ದೇನೆ. ತುದಿಗೆ ನನ್ನ ಉಳಿಯ ಗುರುತು ಉಂಟು."

"ಫಳ್ನೀರಿಗೆ?"

"ಫಳ್ನೀರಿಗೆ ಎಲ್ಲಿ ಬಂತು? ಬರಲೇ ಇಲ್ಲ ಅದು."

ಸಾಹುಕಾರರು ನಿಧಾನಕ್ಕೆ ನನ್ನ ಕಡೆ ತಿರುಗಿದರು. "ಹಾಗಾದ್ರೆ ಆ ಚೀಟಿ, ಸಂಜೀವ?"

"ಮೊದಲೇ ಹಾಕಿಸಿದ್ದೆ" ಎಂದೆ. ನಾಲ್ಕು ತಿಂಗಳು ಹೊತ್ತ ಮಾತು. ಎರಡೇ ಶಬ್ದ ಆಗಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಿಡಿದುಕೊಳ್ಳಲಿಕ್ಕೆ ಏನಾದರೂ ಸಿಕ್ಕುತ್ತಿತ್ತು. ನನ್ನ ಮೇಜಿನ ಅಂಚನ್ನು ಬೆರಳಗಂಟಿನಿಂದ ಎರಡು ಸಲ ಕುಟ್ಟಿದರು. ಆಮೇಲೆ ಕೊಡೆ ತೆಗೆದುಕೊಂಡು, "ಮೊದಲು ಸ್ಟೇಷನಿಗೆ. ಅಲ್ಲಿ ನೀನೇ ಹೇಳು. ಆಮೇಲೆ ಕುಲಶೇಖರಕ್ಕೆ" ಎಂದರು. ಸ್ಟೇಷನಿನಲ್ಲಿ ನಾನೇ ಹೇಳಿದೆ. ಬರೆಸಿಕೊಂಡರು. ಇನ್ಸ್ಪೆಕ್ಟರು ಅಂದದ್ದು ಒಂದೇ ಮಾತು: "ಮರ ಸಿಕ್ಕಿತಲ್ಲ, ಒಳ್ಳೇದಾಯ್ತು."

ಕುಲಶೇಖರದಲ್ಲಿ ತನಿಯಪ್ಪಣ್ಣ ಎಲ್ಲ ಕೇಳಿದ. ಮುಖದಲ್ಲಿ ಎಂತದೂ ಆಗಲಿಲ್ಲ. ಕೇಸು ತೆಗೆಯುತ್ತಾರೆ ಎಂದು ಸಾಹುಕಾರರು ಹೇಳಿದರು. ಕಾವಲಿನ ಕೆಲಸ ಮತ್ತೆ ಉಂಟು ಎಂದರು. ಅವನು ಕೈಗೆ ಮೆತ್ತಿದ್ದ ಗದ್ದೆಯ ಮಣ್ಣು ಉಜ್ಜಿ ತೆಗೆಯುತ್ತಾ, "ಆ ಮರವನ್ನು ನನಗೊಮ್ಮೆ ಕಾಣಬೇಕು" ಎಂದ. ಬೇರೆ ಏನೂ ಕೇಳಲಿಲ್ಲ.

ಮರುದಿನ ಹೊಳೆನೀರಿನ ಇಳಿತದ ಹೊತ್ತಿಗೆ ಬೋಳಾರದಲ್ಲಿ ಮರ ಎತ್ತಿಸಿದೆವು. ಆಚಾರ್ರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಲಿನಿಂದಲೇ ತಡವಿ ತಡವಿ ಗೂಟ ತೋರಿಸಿದರು. ಆಳುಗಳು ಹಗ್ಗ ಹಾಕಿ ಓಹೋಯ್ ಎಂದು ಎಳೆದಾಗಲೆಲ್ಲ ಒಂದೊಂದು ದಿಮ್ಮಿ, ಕಪ್ಪಗೆ, ಎಮ್ಮೆ ಎದ್ದ ಹಾಗೆ, ನೀರು ಸುರಿಸಿಕೊಂಡು ದಂಡೆಗೆ ಬಂತು. ಆ ನಾತಕ್ಕೆ ದಾರಿಯಲ್ಲಿ ಹೋಗುವವರು ಉಗುಳುತ್ತಾ ಹೋದರು. ತನಿಯಪ್ಪಣ್ಣ ಹೊಸದಾಗಿ ಒಗೆದ ಮುಂಡು ಉಟ್ಟು ಬಂದಿದ್ದ. ಎಲ್ಲ ಮರ ಸಾಲಾಗಿ ಬೀಳುವವರೆಗೆ ದೂರದಲ್ಲಿ ನಿಂತಿದ್ದ. ಆಮೇಲೆ ಬಂದು ಮೊದಲನೆಯದರ ಮೇಲೆ ಕೈ ಇಟ್ಟ.

"ಇದುವಾ?" ಎಂದ.

ಅವನು ಒಂದೊಂದನ್ನೇ ಮುಟ್ಟಿ ಎಣಿಸಿಕೊಂಡು ಹೋದ. ಕೊನೆಯದನ್ನು ಮುಟ್ಟಿ ನನ್ನ ಹತ್ತಿರ ಬಂದು ನಿಂತ. ನಾಲ್ಕು ತಿಂಗಳಲ್ಲಿ ಅಷ್ಟು ಹತ್ತಿರದಿಂದ ಅವನ ಮುಖ ನೋಡಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು.

"ಇಪ್ಪತ್ತೆರಡು. ಸರಿ ಉಂಟು. ಕಾಗದ ಕೊಡಿ ಗುಮಾಸ್ತರೇ."

ನನ್ನ ಕೈಯಲ್ಲಿ ಅದೇ ಪಟ್ಟಿ ಇತ್ತು, ಹಂಚಿಗೂ ಸಿಮೆಂಟಿಗೂ ಗೀಟು ಹಾಕಿ, ಹೆಬ್ಬಲಸಿನ ಎದುರು 'ಇಲ್ಲ' ಎಂದು ಬರೆದದ್ದು. ಕೊಟ್ಟೆ. ಅವನು ಬಗ್ಗಿ ಹೆಬ್ಬೆರಳನ್ನು ಹೊಳೆಯ ಕೆಸರಿಗೆ ಅದ್ದಿ, ಆ 'ಇಲ್ಲ'ದ ಮೇಲೆ ಒತ್ತಿದ. ಅವಸರ ಮಾಡಲಿಲ್ಲ. ಬೆರಳನ್ನು ಈ ಬದಿಯಿಂದ ಆ ಬದಿಗೆ ಉರುಳಿಸಿ, ಪೂರ್ತಿ ಬೀಳುವ ಹಾಗೆ ಒತ್ತಿದ.

"ಈಗ ಅದರ ಅಗತ್ಯ ಇಲ್ಲ ತನಿಯಪ್ಪಣ್ಣ" ಎಂದೆ.

"ಅದನ್ನು ಅವತ್ತು ಹೇಳಬೇಕಿತ್ತು" ಎಂದ.

ಕಾಗದ ನನ್ನ ಕೈಗೆ ಕೊಟ್ಟು, ಮುಂಡಿಗೆ ಕೆಸರು ತಾಗದ ಹಾಗೆ ಎತ್ತಿ ಹಿಡಿದು, ದಂಡೆ ಹತ್ತಿ ಹೋದ. ಕಾವಲಿನ ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಗೆ ಆ ತೊಲೆಗಳೇ ಕೂತವು, ನನ್ನ ಮೂವರು ಮಕ್ಕಳೂ ಅದರ ಅಡಿಯಲ್ಲೇ ಹುಟ್ಟಿದರು. ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆ ಚೀಟಿಯ ಮಾತು ಬದುಕಿರುವವರೆಗೆ ಎತ್ತಲಿಲ್ಲ. ಮರ ನನಗೆ, ಕಾಗದ ನಿನಗೆ ಎಂಬ ತಮಾಷೆಯನ್ನೂ ಮತ್ತೆ ಆಡಲಿಲ್ಲ.

ಅವತ್ತು ಬಿಸಿಲು ಚುರುಕಾಗಿತ್ತು. ನಾನು ಬಂದರಿಗೆ ನಡೆದು ಮುಟ್ಟುವಷ್ಟರಲ್ಲಿ ಕಾಗದದ ಮೇಲಿನ ಕೆಸರು ಒಣಗಿ ಉದುರಿಹೋಗಿತ್ತು. ಬಿಡಿಸಿ ನೋಡಿದರೆ ಬೆರಳಿನ ಗೆರೆ ಒಂದೂ ಇರಲಿಲ್ಲ. ಅಡಿಯಲ್ಲಿ ನನ್ನ ಅಕ್ಷರದ 'ಇಲ್ಲ' ಹಾಗೇ ಇತ್ತು, ಸುತ್ತ ಆ ವಾಸನೆ.